ಗೆರೆಯಿಂದ ದೂರ ನಿಂತ ಚುಕ್ಕಿ

"ದಾರ ಸಡ್ಲ ಬುಡಬ್ಯಾಡ ಕಣೇ ಬೀರಿ, ಬಿಗಿಯಾಗಿ ಹಿಡ್ಕೊ," ಎಂದಳು ನೀಲಾಂಬಿಕೆ.

ದಾರದ ಆ ತುದಿಯಲ್ಲಿದ್ದ ಚಿಕ್ಕಬೀರಮ್ಮ ಬೆರಳಿಗೆ ಇನ್ನೊಂದು ಸುತ್ತು ಸುತ್ತಿಕೊಂಡು ಎಳೆದು ಹಿಡಿದಳು. ಇಬ್ಬರ ನಡುವೆ ಮೇಜಿನ ಮೇಲೆ ದೊಡ್ಡದೊಂದು ಗ್ರಾಫ್ ಶೀಟು ಹರಡಿತ್ತು. ಅದರ ಮೇಲೆ ಇಪ್ಪತ್ತಮೂರು ಚುಕ್ಕಿಗಳು. ಎಂಟನೇ ಕ್ಲಾಸಿನಲ್ಲಿದ್ದವರು ಇಪ್ಪತ್ತಮೂರು ಜನ, ಒಬ್ಬೊಬ್ಬರಿಗೂ ಒಂದೊಂದು ಚುಕ್ಕಿ.

ಇದೆಲ್ಲ ಶುರುವಾದದ್ದು ಒಂದು ಜಗಳದಿಂದ. ಗಂಗಾಧರಪ್ಪ ಮೇಷ್ಟ್ರು ಅತ್ತಿಮಾಳದ ಮಿಡ್ಲ್ ಸ್ಕೂಲಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮೈಸೂರಿನಲ್ಲಿ ಟ್ರೈನಿಂಗ್ ಮುಗಿಸಿದವರು, ಕೈಗೆ ವಾಚು ಕಟ್ಟುವವರು. ಅವರು ಒಂದು ದಿನ, "ಕೆಲವರಿಗೆ ಮಾರ್ಕ್ಸು ಜಾಸ್ತಿ, ಕೆಲವರಿಗೆ ಕಡಿಮೆ. ಯಾಕೆ ಹೇಳಿ ನೋಡೋಣ," ಎಂದು ಕೇಳಿದರು.

"ಹಣೆಬರ, ಸಾ," ಎಂದ ಪಟೇಲರ ಮಗ ಕಂಠಪ್ಪ. ಅವನ ಮಾರ್ಕ್ಸು ನೋಡಿದವರಿಗೆ ಆ ಮಾತು ಯಾಕೆ ಬಂತು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ ನಮ್ಮಜ್ಜಿ," ಎಂದಳು ನೀಲಾ.

ಅರ್ಧ ಕ್ಲಾಸು ಅತ್ತ, ಅರ್ಧ ಕ್ಲಾಸು ಇತ್ತ. ಕಾಗೆ ಗೂಡಿಗೆ ಕಲ್ಲು ಬಿದ್ದ ಹಾಗಾಯಿತು. ಮೇಷ್ಟ್ರು ನಕ್ಕು, "ಹಣೆಬರಹ ಓದೋಕೆ ನನಗೆ ಬರಲ್ಲ. ಬುದ್ಧಿ ಅಳೆಯೋ ಸೇರೂ ನನ್ನ ಹತ್ತಿರ ಇಲ್ಲ. ಓದಿದ ಹೊತ್ತನ್ನ ಮಾತ್ರ ಅಳೀಬಹುದು," ಎಂದರು.

ಆದರೆ ಹೊತ್ತನ್ನು ಅಳೆಯುವುದು ಹೇಗೆ? ಇಪ್ಪತ್ತಮೂರು ಮನೆಗಳಲ್ಲಿ ಗಡಿಯಾರ ಇದ್ದದ್ದು ಎರಡರಲ್ಲಿ. ಪಟೇಲರ ಮನೆಯದು ನಿಂತು ನಾಲ್ಕು ವರ್ಷವಾಗಿತ್ತು.

ಉಪಾಯ ಹೇಳಿದವಳು ನೀಲಾ. ಅವಳ ಅಪ್ಪ ಷಣ್ಮುಖಪ್ಪನವರದು ಸೀಮೆಎಣ್ಣೆ ಅಂಗಡಿ. ಸುತ್ತಮುತ್ತಲ ಹಳ್ಳಿಗಳಲ್ಲಿ ಉರಿಯುವ ಗಾಜಿನ ಬುಡ್ಡಿಗಳೆಲ್ಲ ಅಲ್ಲಿಂದಲೇ ಹೋದವು, ಎಲ್ಲ ಒಂದೇ ಅಳತೆಯವು. "ಬುಡ್ಡಿಗೆ ಕಾಗದದ ಪಟ್ಟಿ ಅಂಟಿಸಿ, ಬೆರಳಿನಗಲಕ್ಕೆ ಒಂದೊಂದು ಗೀಟು ಹಾಕಿದ್ರೆ ಆಯ್ತು, ಸಾ. ಓದೋವಾಗ ಎಷ್ಟು ಬೆರಳು ಎಣ್ಣೆ ಇಳೀತೋ ಅಷ್ಟು ಓದಿದಂಗೆ."

ಮೇಷ್ಟ್ರು ವಾಚು ಮುಂದಿಟ್ಟುಕೊಂಡು ಒಂದು ಬುಡ್ಡಿ ಉರಿಸಿ ನೋಡಿದರು. ಒಂದು ಬೆರಳು ಎಣ್ಣೆ ಮೂರು ಗಂಟೆ ಉರಿಯಿತು. ಅವತ್ತಿನಿಂದ ಅರ್ಧವಾರ್ಷಿಕ ಪರೀಕ್ಷೆಯವರೆಗೂ ಎಲ್ಲರೂ ವಾರಕ್ಕೆ ಎಷ್ಟು ಬೆರಳು ಎಂದು ಬರೆದಿಟ್ಟರು. ಪರೀಕ್ಷೆ ಮುಗಿದು ಲೆಕ್ಕದ ಪೇಪರಿಗೆ ಐವತ್ತಕ್ಕೆ ಇಷ್ಟೆಂದು ಮಾರ್ಕ್ಸು ಬಂದ ಮೇಲೆ ಚುಕ್ಕಿ ಇಡುವ ಕೆಲಸ. ಅಡ್ಡಕ್ಕೆ ಬೆರಳು, ಉದ್ದಕ್ಕೆ ಮಾರ್ಕ್ಸು.

"ಎಲ್ಲ ಚುಕ್ಕಿ ಮೇಲೂ ಹಾದು ಹೋಗೋ ನೇರ ಗೆರೆ ಸಿಗಲ್ಲ. ಯಾವ ಚುಕ್ಕಿಗೂ ತೀರಾ ಅನ್ಯಾಯ ಆಗದ ಗೆರೆ ಹುಡುಕಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ರಿಗ್ರೆಶನ್ ಅಂತ ದೊಡ್ಡ ಹೆಸರಿದೆ. ನಮಗೆ ಗೆರೆ ಅಂದರೆ ಸಾಕು," ಎಂದಿದ್ದರು ಮೇಷ್ಟ್ರು.

ಅದಕ್ಕೇ ಈ ದಾರ. ನೀಲಾ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಸರಿಸಿದಳು. ಪ್ರತಿ ಚುಕ್ಕಿಯೂ ದಾರದಿಂದ ಎಷ್ಟು ದೂರ ಎಂದು ಸ್ಕೇಲಿನಲ್ಲಿ ಅಳೆದು ಕೂಡಿದಳು. ಮೊತ್ತ ಎಲ್ಲಕ್ಕಿಂತ ಕಡಿಮೆ ಬಂದ ಕಡೆ ಪೆನ್ಸಿಲಿನಿಂದ ಗೆರೆ ಎಳೆದಳು. ಗೆರೆ ಏರುತ್ತಾ ಹೋಯಿತು. ಒಂದು ಬೆರಳಿಗೆ ಹದಿನಾರು ಮಾರ್ಕ್ಸು, ಎರಡಕ್ಕೆ ಇಪ್ಪತ್ತೆರಡು, ಐದಕ್ಕೆ ನಲವತ್ತು. ಬೆರಳಿಗೆ ಆರಾರು ಮಾರ್ಕ್ಸು. ನೀಲಾ ಓದಿದ್ದು ಐದು ಬೆರಳು, ಬಂದದ್ದು ನಲವತ್ತೊಂದು. ಅವಳ ಚುಕ್ಕಿ ಗೆರೆಗೆ ಅಂಟಿಕೊಂಡೇ ಇತ್ತು. ಅವಳಿಗೆ ಹಿಗ್ಗೋ ಹಿಗ್ಗು.

ಅಷ್ಟರಲ್ಲಿ ಹೆಡ್ ಮೇಷ್ಟ್ರು ವೀರಭದ್ರಸ್ವಾಮಿ ಒಳಗೆ ಬಂದರು. "ಏನ್ರೀ ಗಂಗಾಧರಪ್ಪನೋರೇ, ದಾರ, ಕಾಗದ... ಮಕ್ಕಳ ಕೈಲಿ ಗಾಳಿಪಟ ಮಾಡಿಸ್ತಾ ಇದೀರಾ?"

ನೀಲಾ ಒಂದೇ ಉಸಿರಿಗೆ ಎಲ್ಲ ವಿವರಿಸಿದಳು. ಹೆಡ್ ಮೇಷ್ಟ್ರಿಗೆ ಖುಷಿಯಾಯಿತು. ಒಂದು ಚಿಟಿಕೆ ನಶ್ಯ ಏರಿಸಿ ಬಗ್ಗಿ ನೋಡಿದರು. "ಇದ್ಯಾರಮ್ಮ, ಈ ಚುಕ್ಕಿ? ಇಷ್ಟು ಮೇಲೆ ಒಂದೇ ನಿಂತಿದೆಯಲ್ಲ?"

"ಅದು ಬೀರೀದು, ಸಾ. ಒಂದೇ ಬೆರಳು ಎಣ್ಣೆ, ನಲವತ್ನಾಲ್ಕು ಮಾರ್ಕ್ಸು. ಗೆರೆ ಪ್ರಕಾರ ಹದಿನಾರು ಬರಬೇಕಿತ್ತು."

ಜಾಣತನ ತೋರಿಸುವ ಉತ್ಸಾಹದಲ್ಲಿ ಆಡಿದ ಮಾತು. ಆಡಿದ ಮೇಲೆ ವಾಪಸು ನುಂಗಲು ಬರುತ್ತದೆಯೇ? ಹೆಡ್ ಮೇಷ್ಟ್ರ ಹುಬ್ಬು ಗಂಟಾಯಿತು.

"ಹದಿನಾರು ಬರಬೇಕಾದವಳಿಗೆ ನಲವತ್ನಾಲ್ಕು. ಪರೀಕ್ಷೇಲಿ ಇವಳ ಪಕ್ಕ ಕೂತಿದ್ದೋರು ಯಾರು?"

ಪಕ್ಕ ಕೂತಿದ್ದವಳು ನೀಲಾನೇ.

"ಸಾರ್, ಗೆರೆ ಬರೀ ಅಂದಾಜು, ಸಾಕ್ಷಿ ಅಲ್ಲ," ಎಂದರು ಗಂಗಾಧರಪ್ಪ ಮೇಷ್ಟ್ರು.

"ನನ್ನ ನೋಡಿ ಬರೆದಿದ್ರೆ ನನಗಿಂತ ಮೂರು ಮಾರ್ಕ್ಸು ಜಾಸ್ತಿ ಹೆಂಗ್ ಬತ್ತದೆ, ಸಾ?" ಎಂದಳು ನೀಲಾ.

"ಒಬ್ಬರದು ನೋಡಿದರೆ ಕಡಿಮೆ, ಇಬ್ಬರದು ನೋಡಿದರೆ ಜಾಸ್ತಿ. ಇರಲಿ, ಅವಳನ್ನೇ ಕೇಳೋಣ. ಏನಮ್ಮ, ಗಂಟೆಗೆ ಎರಡೂವರೆ ಮೈಲಿ ಹೋಗೋ ಎತ್ತಿನಗಾಡಿ ಹದಿನೇಳು ಮೈಲಿ ಹೋಗೋಕೆ ಎಷ್ಟು ಹೊತ್ತು?"

ಚಿಕ್ಕಬೀರಮ್ಮ ಎದ್ದು ನಿಂತಳು. ಕೈಕಟ್ಟಿದಳು. ಅವಳ ತುಟಿ ಅಲುಗಿತು, ಮಾತು ಹೊರಡಲಿಲ್ಲ. ಹೆಡ್ ಮೇಷ್ಟ್ರು ಕಾದರು. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಅವಳು ನೆಲ ನೋಡುತ್ತಾ ಹಾಗೇ ನಿಂತಿದ್ದಳು.

ಹೆಡ್ ಮೇಷ್ಟ್ರು ಕೆಟ್ಟವರಲ್ಲ. ಅವರ ದನಿಯಲ್ಲಿ ಸಿಟ್ಟಿಗಿಂತ ಬೇಜಾರು ಹೆಚ್ಚಿತ್ತು. "ಕದ್ದು ಬರೆದಳು ಅಂತ ನಾನು ಹೇಳಲ್ಲ. ಆದರೆ ಸ್ಕಾಲರ್‌ಶಿಪ್ ಪರೀಕ್ಷೆಗೆ ನಮ್ಮ ಸ್ಕೂಲಿಂದ ಒಂದೇ ಹೆಸರು ಕಳಿಸಬೇಕು. ಶನಿವಾರ ಟಪಾಲು. ಅನುಮಾನ ಇರೋ ಹೆಸರು ಹೇಗೆ ಬರೀಲಿ? ಎರಡನೆಯವಳು ನೀಲಾಂಬಿಕೆ ತಾನೇ, ಅವಳದೇ ಬರೀತೀನಿ."

ಆ ಪರೀಕ್ಷೆಯಲ್ಲಿ ಗೆದ್ದವರಿಗೆ ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಫೀಸು, ಪುಸ್ತಕ, ಊಟ ಎಲ್ಲ ಪುಕ್ಕಟೆ. ಅದಿಲ್ಲದಿದ್ದರೆ ಚಿಕ್ಕಬೀರಮ್ಮನ ಓದು ಈ ವರ್ಷಕ್ಕೇ ಮುಗಿದ ಹಾಗೆ. ಇದು ನೀಲಾಗೂ ಗೊತ್ತು, ಇಡೀ ಕ್ಲಾಸಿಗೂ ಗೊತ್ತು.

ಚಿಕ್ಕಬೀರಮ್ಮ ಬೆರಳಿಗೆ ಸುತ್ತಿದ್ದ ದಾರವನ್ನು ನಿಧಾನವಾಗಿ ಬಿಚ್ಚಿ ಮೇಜಿನ ಮೇಲಿಟ್ಟಳು. ಬೆರಳಿನಲ್ಲಿ ಕೆಂಪು ಗೆರೆ ಮೂಡಿತ್ತು. ನೀಲಾಳ ಮುಖವನ್ನು ಅವಳು ನೋಡಲಿಲ್ಲ.

*

ಮನೆಯಲ್ಲಿ ಸುದ್ದಿ ಕೇಳಿ ಷಣ್ಮುಖಪ್ಪ ಅಂಗಡಿಗೆ ಬಂದವರಿಗೆಲ್ಲ ಬೆಲ್ಲ ಹಂಚಿದರು. "ನನ್ನ ಮಗಳು ಬಸ್ಸಲ್ಲಿ ಕೂತು ಪರೀಕ್ಷೆಗೆ ಹೋಗ್ತಾಳೆ ಕಣ್ರೀ." ಅಜ್ಜಿ ವೀರಮ್ಮ ಮಾತ್ರ, "ಆ ಕೊಪ್ಪಲ ಹೆಣ್ಣು ಬೀರಿ ಮೊದ್ಲು ಬಂದವ್ಳೆ ಅಂದಿದ್ದೆ?" ಎಂದು ಕೇಳಿದರು. ನೀಲಾಗೆ ಬಾಯಲ್ಲಿದ್ದ ಬೆಲ್ಲ ಸಿಹಿ ಎನಿಸಲಿಲ್ಲ.

ಶುಕ್ರವಾರ ಚಿಕ್ಕಬೀರಮ್ಮ ಬೇರೆ ಬೆಂಚಿನಲ್ಲಿ ಕೂತಳು. ನೀಲಾ ಎರಡು ಸಲ ಕರೆದಳು, ಎರಡು ಸಲವೂ ಅವಳು ಪುಸ್ತಕದ ಪುಟ ತಿರುವಿದಳು. ಊಟದ ಬೆಲ್ಲು ಹೊಡೆದ ಮೇಲೆ ಕಂಠಪ್ಪ ಗ್ರಾಫ್ ಶೀಟಿನ ಮುಂದೆ ನಿಂತು ಹುಣಸೆಹಣ್ಣು ಚೀಪುತ್ತಿದ್ದ.

"ಅಲ್ಲ ಕಣಮ್ಮಿ, ನನ್ ಚುಕ್ಕಿನೂ ಗೆರೆಯಿಂದ ಅಷ್ಟೇ ದೂರ ಐತೆ. ಆರು ಬೆರಳು, ಅದ್ಮೂರು ಮಾರ್ಕ್ಸು. ನನ್ನ ಯಾರೂ ಕೇಳ್ಳೇ ಇಲ್ವಲ್ಲ?"

ನೀಲಾ ಆಗ ಅದನ್ನು ಗಮನಿಸಿದಳು. ಬೀರಿಯ ಚುಕ್ಕಿ ಮೇಲೆ ಎಷ್ಟು ದೂರವೋ, ಕಂಠಪ್ಪನದು ಕೆಳಗೆ ಅದಕ್ಕಿಂತ ಒಂದು ಕೈ ಹೆಚ್ಚೇ. "ಆರು ಬೆರಳು ಓದಿಯೂ ಹದಿಮೂರು ಹೆಂಗೆ ಬಂತೋ?"

ಕಂಠಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಯಾರ್ಗೂ ಏಳ್ಬ್ಯಾಡ. ಬುಡ್ಡಿ ಹಚ್ಚಿ, ಪುಸ್ತಕ ತೊಡೆ ಮ್ಯಾಲಿಟ್ಕಂಡು ಗೋಡೆಗೆ ಒರಗ್ತೀನಿ. ನಮ್ಮವ್ವ, ಮಗ ಓದ್ತಾವ್ನೆ ಅಂದ್ಕೊಂಡು ಎಣ್ಣೆ ಉಯ್ತಾಳೆ. ನಾನು ನಿದ್ದೆ ಒಡೀತೀನಿ."

ನೀಲಾಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. ಎಣ್ಣೆ ಉರಿದಿದೆ, ಓದು ಇಲ್ಲ. ಹಾಗಾದರೆ ಎಣ್ಣೆ ಉರಿಯದೆ ಓದು ಇರಬಹುದಲ್ಲ?

ಸಂಜೆ ಬೆಲ್ಲು ಹೊಡೆದಾಗ ಅವಳು ಮನೆ ಕಡೆ ತಿರುಗಲಿಲ್ಲ. ಅಪ್ಪನಿಗೆ ಹೇಳಿ ಕಳಿಸಿ, ಜಾಲಿಕೊಪ್ಪಲಿನ ರಸ್ತೆ ಹಿಡಿದಳು. ಚಿಕ್ಕಬೀರಮ್ಮನ ಊರು ಅದು, ಸ್ಕೂಲಿನಿಂದ ಮೂರು ಮೈಲಿ. ರಸ್ತೆಯ ಎರಡೂ ಕಡೆ ರಾಗಿ ಕುಯ್ದ ಹೊಲ, ಅದರ ನಡುವೆ ಸಾಲು ಸಾಲು ಅವರೆ ಗಿಡ, ಗಾಳಿಯಲ್ಲಿ ಸೊಗಡಿನ ವಾಸನೆ. ಬೀರಿ ಮುಂದೆ ಬಿರಬಿರನೆ ನಡೆಯುತ್ತಿದ್ದಳು. ಅವಳ ಕೈಬೆರಳುಗಳು ಗಾಳಿಯಲ್ಲಿ ಏನೋ ಎಣಿಸುತ್ತಿದ್ದವು, ತುಟಿ ಏನೋ ಗುನುಗುತ್ತಿತ್ತು. ಫರ್ಲಾಂಗು ಕಲ್ಲು ಬಂದಾಗ ಅದರ ಹಿಂದಕ್ಕೆ ಬಗ್ಗಿ, ಮತ್ತೆ ಎದ್ದು ಹೊರಡುತ್ತಿದ್ದಳು.

ಒಂದು ಕಲ್ಲು ಆಯಿತು, ಎರಡು ಆಯಿತು. ಮೂರನೆಯ ಕಲ್ಲಿನ ಹತ್ತಿರ ನೀಲಾ ಹಿಂದೆ ಹೋಗಿ ನೋಡಿದಳು.

ರಸ್ತೆಯ ಕಡೆ ಸರ್ಕಾರದ ನಂಬರು. ಹಿಂದೆ, ಇದ್ದಿಲಿನಲ್ಲಿ ಬರೆದ ಅಂಕಿಗಳು. ಹಳೆಯದನ್ನು ಸೊಪ್ಪಿನಿಂದ ಉಜ್ಜಿ ಅದರ ಮೇಲೆ ಹೊಸದು, ಅದನ್ನೂ ಉಜ್ಜಿ ಇನ್ನೊಂದು. ಕಲ್ಲಿನ ಬೆನ್ನೆಲ್ಲ ಕಪ್ಪಾಗಿ ಹೋಗಿತ್ತು. ನೀಲಾ ಓಡಿ ಮುಂದಿನ ಕಲ್ಲನ್ನೂ ನೋಡಿದಳು. ಅಲ್ಲೂ ಹಾಗೇ.

"ಬೀರೀ," ಎಂದು ಕೂಗಿದಳು. "ಇದೇನೇ ಇದು?"

ಚಿಕ್ಕಬೀರಮ್ಮ ನಿಂತಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. "ಏನಿಲ್ಲ. ಕಲ್ಲಿಂದ ಕಲ್ಲಿಗೆ ಒಂದು ಲೆಕ್ಕ. ಮನೇಲಿ ಇರೋದೊಂದೇ ಬುಡ್ಡಿ, ಅದು ಒಲೆ ತಾವ ಇರ್ತದೆ. ಅದ್ಕೇ ದಾರೀಲಿ ಮಾಡ್ಕತೀನಿ. ಸಂಜೆ ಉತ್ತರ ಬರ್ದು ಓಗ್ತೀನಿ. ಬೆಳಿಗ್ಗೆ ಇನ್ನೊಂದ್ಸಲ ಮಾಡಿ, ಸರಿಯಾಗೈತಾ ಅಂತ ನೋಡ್ಕತೀನಿ."

"ಮತ್ತೆ ಇದನ್ನ ಯಾಕೆ ಹೇಳ್ಲಿಲ್ಲ? ಒಂದೇ ಬೆರಳು ಅಂತ ಯಾಕೆ ಬರೆಸ್ದೆ?"

"ನೀನ್ ಕೇಳಿದ್ದು ಎಣ್ಣೆಯ. ಎಣ್ಣೆ ಎಷ್ಟು ಉರೀತೋ ಅಷ್ಟು ಬರ್ಸ್ದೆ. ನಡ್ಯೋದ್ನ ಯಾರಾದ್ರೂ ಓದು ಅಂತಾರಾ?"

ಬುಡ್ಡಿ ಅಳೆಯುವ ಉಪಾಯ ನೀಲಾಳದೇ. ಅವಳು ಕಲ್ಲಿನ ಮೇಲಿನ ಇದ್ದಿಲನ್ನು ಬೆರಳಿನಿಂದ ಮುಟ್ಟಿ, "ನಿನ್ನೆ ಹೆಡ್ ಮೇಷ್ಟ್ರು ಕೇಳಿದಾಗ್ಲಾದ್ರೂ ಉತ್ತರ ಹೇಳ್ಬೋದಿತ್ತಲ್ಲೇ?" ಎಂದಳು.

"ಸುಮ್ನೆ ನಿಂತ್ಕಂಡ್ರೆ ನಂಗೆ ಲೆಕ್ಕ ಓಡಾಕಿಲ್ಲ ಕಣೇ. ಕಾಲು ಆಡ್ತಾ ಇರ್ಬೇಕು. ಪರೀಕ್ಷೇಲೂ ಬೆಂಚಿನ ಕೆಳಗೆ ಕಾಲು ಆಡಿಸ್ತಾನೇ ಇದ್ದೆ. ನೀನೇ ಬೈದಲ್ಲ?"

ಹೌದು, ಬೈದಿದ್ದಳು. ಮೂರು ಗಂಟೆ ಹೊತ್ತು ಬೆಂಚು ಗಡಗಡ ಅಲ್ಲಾಡಿತ್ತು. ನೀಲಾಳ ಅಕ್ಷರ ಸೊಟ್ಟಗಾಗಿ, "ಸುಮ್ನೆ ಕೂರೇ" ಎಂದು ಎರಡು ಸಲ ಪಿಸುಗುಟ್ಟಿದ್ದಳು. ಪಕ್ಕದವರ ಪೇಪರು ನೋಡಿ ಬರೆಯುವವರು ಯಾರಾದರೂ ಹೀಗೆ ಬೆಂಚು ಅಲ್ಲಾಡಿಸುತ್ತಾರೆಯೇ?

"ನನ್ನಿಂದ ತಪ್ಪಾಯ್ತು ಕಣೇ ಬೀರಿ," ಎಂದಳು. ಕಣ್ಣು ತುಂಬಿ ಬಂತು. "ನಾಳೆ ಹೆಡ್ ಮೇಷ್ಟ್ರು ಟಪಾಲು ಹಾಕೋಕೆ ಇದೇ ರಸ್ತೇಲಿ ಹಾರನಹಳ್ಳಿ ಪೋಸ್ಟಾಫೀಸಿಗೆ ಹೋಗ್ತಾರೆ. ನೀನು ನನ್ ಜೊತೆ ಇರು, ಸಾಕು."

*

ಶನಿವಾರ ಅರ್ಧ ದಿನದ ಸ್ಕೂಲು. ಮಧ್ಯಾಹ್ನ ಹೆಡ್ ಮೇಷ್ಟ್ರು ಕೋಟಿನ ಜೇಬಿನಲ್ಲಿ ಲಕೋಟೆ ಇಟ್ಟುಕೊಂಡು ಸೈಕಲ್ ಹತ್ತಿ ಹೊರಟರು. ಮೊದಲ ಫರ್ಲಾಂಗು ಕಲ್ಲಿನ ಹತ್ತಿರ ಇಬ್ಬರು ಹುಡುಗಿಯರು ಅಡ್ಡ ನಿಂತಿದ್ದರು.

"ಏನಿದು? ಸೈಕಲ್ಲಿಗೆ ಸಿಕ್ಕೊಳ್ತೀರಲ್ಲ," ಎಂದು ಬ್ರೇಕು ಹಿಡಿದರು.

ನೀಲಾ ಒಂದು ಹೆಜ್ಜೆ ಮುಂದೆ ಬಂದಳು. "ಸಾ, ಒಂದೇ ಒಂದು ಮೈಲಿ ನಮ್ಜೊತೆ ನಡೀರಿ ಸಾ. ಎಂಟೇ ಕಲ್ಲು. ಒಂದೊಂದು ಕಲ್ಲಿಗೂ ಬೀರಿಗೆ ಒಂದೊಂದು ಲೆಕ್ಕ ಕೊಡಿ. ಆಮೇಲೆ ನಿಮ್ಮಿಷ್ಟ."

ಬಿಸಿಲು ಹಿತವಾಗಿತ್ತು. ಹೆಡ್ ಮೇಷ್ಟ್ರು ಲಕೋಟೆ ಮುಟ್ಟಿ ನೋಡಿಕೊಂಡರು, ಹುಡುಗಿಯರ ಮುಖ ನೋಡಿದರು, ಸೈಕಲ್ ಇಳಿದರು. "ಸರಿ, ನಡೀರಿ. ಎಕರೆಗೆ ಎಂಟು ಪಲ್ಲ ರಾಗಿ ಆದರೆ ಮೂರೂವರೆ ಎಕರೆಗೆ ಎಷ್ಟು?"

"ಇಪ್ಪತ್ತೆಂಟು ಪಲ್ಲ, ಸಾ." ಚಿಕ್ಕಬೀರಮ್ಮ ನಾಲ್ಕು ಹೆಜ್ಜೆಯೂ ಇಟ್ಟಿರಲಿಲ್ಲ.

ಎರಡನೇ ಕಲ್ಲು. "ಆರು ಜನ ಒಂದು ಹೊಲವನ್ನ ಹದಿನೈದು ದಿನದಲ್ಲಿ ಕುಯ್ತಾರೆ. ಒಂಬತ್ತು ಜನ?"

"ಅತ್ತು ದಿನ, ಸಾ." ಸ್ವಲ್ಪ ತಡೆದು, "ಬುತ್ತಿ ಒತ್ತಿಗೆ ಸರಿಯಾಗಿ ಬಂದ್ರೆ," ಎಂದು ಸೇರಿಸಿದಳು.

ಹೆಡ್ ಮೇಷ್ಟ್ರ ಮೀಸೆಯಡಿ ನಗು ಕಾಣಿಸಿತು. ಮೂರನೇ ಕಲ್ಲಿಗೆ ಕಷ್ಟದ್ದು ಕೊಟ್ಟರು, ನಾಲ್ಕನೆಯದಕ್ಕೆ ಇನ್ನೂ ಕಷ್ಟದ್ದು. ಬೀರಿ ಬಿರಬಿರನೆ ನಡೆದಳು, ಬೆರಳು ಗಾಳಿಯಲ್ಲಿ ಆಡಿದವು, ಮುಂದಿನ ಕಲ್ಲು ಬರುವ ಮೊದಲೇ ಉತ್ತರ ಬಂತು. ಹೆಡ್ ಮೇಷ್ಟ್ರು ಸೈಕಲ್ ತಳ್ಳಿಕೊಂಡು ಹಿಂದೆ ಹಿಂದೆ ಬಂದರು. ಐದನೇ ಕಲ್ಲಿನ ಹೊತ್ತಿಗೆ ಅವರಿಗೆ ಏದುಸಿರು.

ಆರನೇ ಕಲ್ಲಿನಲ್ಲಿ, "ಮೊನ್ನೆಯ ಎತ್ತಿನಗಾಡಿ," ಎಂದರು.

"ಆರು ಗಂಟೆ ನಲವತ್ತೆಂಟು ನಿಮಿಷ."

ಹೆಡ್ ಮೇಷ್ಟ್ರು ನಶ್ಯದ ಡಬ್ಬಿ ತೆಗೆದರು, ಆದರೆ ಮುಚ್ಚಳ ತೆಗೆಯುವುದನ್ನೇ ಮರೆತರು. ಏಳನೇ ಕಲ್ಲಿನಲ್ಲಿ ನೀಲಾ, "ಸಾ, ನಿಮಗೊಂದು ಲೆಕ್ಕ ಕೇಳ್ಲಾ?" ಎಂದಳು.

"ಕೇಳಮ್ಮ, ನನ್ನದೂ ಪರೀಕ್ಷೆ ಆಗಿಹೋಗಲಿ."

"ಒಬ್ಳು ದಿನಾ ಇಪ್ಪತ್ನಾಲ್ಕು ಕಲ್ಲು ನಡ್ಕೊಂಡು ಸ್ಕೂಲಿಗೆ ಬತ್ತಾಳೆ, ಇಪ್ಪತ್ನಾಲ್ಕು ಕಲ್ಲು ನಡ್ಕೊಂಡು ವಾಪಸು ಹೋಗ್ತಾಳೆ. ಕಲ್ಲಿಗೊಂದು ಲೆಕ್ಕ ಮಾಡ್ತಾಳೆ. ಜೂನಿಂದ ಅರ್ಧವಾರ್ಷಿಕದ ತನಕ ನೂರ ಹನ್ನೆರಡು ದಿನ. ಒಟ್ಟು ಎಷ್ಟು ಲೆಕ್ಕ?"

ಹೆಡ್ ಮೇಷ್ಟ್ರು ನಡೆಯುತ್ತಾ ಗುಣಿಸಿದರು. ಎಂಟನೇ ಕಲ್ಲು ಬಂದೇ ಬಂತು. "ಐದು ಸಾವಿರದ... ಮುನ್ನೂರ ಎಪ್ಪತ್ತಾರು," ಎಂದರು. ತಾವು ಹೇಳಿದ ಉತ್ತರ ತಮ್ಮ ಕಿವಿಗೇ ಬಿದ್ದು ಅಲ್ಲೇ ನಿಂತುಬಿಟ್ಟರು.

ನೀಲಾ ಕಲ್ಲಿನ ಹಿಂಭಾಗ ತೋರಿಸಿದಳು. ಹೆಡ್ ಮೇಷ್ಟ್ರು ಸೈಕಲ್ ನಿಲ್ಲಿಸಿ, ಪಂಚೆ ಎತ್ತಿಕೊಂಡು, ಅವರೆ ಗಿಡದ ಪಕ್ಕ ಕುಕ್ಕರಗಾಲಲ್ಲಿ ಕೂತು ಆ ಇದ್ದಿಲಿನ ಅಂಕಿಗಳನ್ನು ಬಹಳ ಹೊತ್ತು ನೋಡಿದರು.

"ದಿನಕ್ಕೆ ಎರಡು ಗಂಟೆ, ಆರು ದಿನಕ್ಕೆ ಹನ್ನೆರಡು ಗಂಟೆ, ಸಾ," ಎಂದಳು ನೀಲಾ. "ಎಣ್ಣೆ ಲೆಕ್ಕದಲ್ಲಿ ನಾಲ್ಕು ಬೆರಳು. ಮನೇದೊಂದು ಸೇರಿ ಐದು. ನಾನು ತಪ್ಪು ಕಡೆ ಚುಕ್ಕಿ ಇಟ್ಟಿದ್ದೆ."

ಹೆಡ್ ಮೇಷ್ಟ್ರು ಲಕೋಟೆ ಬಿಚ್ಚಿದರು. ಸೈಕಲ್ಲಿನ ಸೀಟಿನ ಮೇಲೆ ಕಾಗದ ಹರಡಿ ಪೆನ್ನು ತೆಗೆದರು. "ನೀಲಾಂಬಿಕೆ, ನಿನ್ನ ಹೆಸರು ಹೊಡೆದು ಹಾಕ್ತಾ ಇದೀನಿ. ಬೇಜಾರಿಲ್ವೇನಮ್ಮ?"

ತಾನು ಹತ್ತಬೇಕಿದ್ದ ಪಿರಿಯಾಪಟ್ಟಣದ ಬಸ್ಸು ನೀಲಾಳ ಮನಸ್ಸಿನಲ್ಲಿ ಹಾದು ಹೋಯಿತು. "ಐತೆ ಸಾ," ಎಂದಳು. "ಸ್ವಲ್ಪ. ನೀವು ಬರೀರಿ."

ಅವರು ಬರೆದರು. ಅಕ್ಷರ ಅಕ್ಷರವೂ ಕಾಣುವಂತೆ ಬರೆದು, ಒಣಗುವ ತನಕ ಊದಿದರು. ಆಮೇಲೆ ಚಿಕ್ಕಬೀರಮ್ಮನ ತಲೆಯ ಮೇಲೆ ಕೈಯಿಟ್ಟು, "ಮೊನ್ನೆ ನಿನ್ನ ನಿಲ್ಲಿಸಿ ಕೇಳಬಾರದಿತ್ತು ಮಗು," ಎಂದರು. ಬೀರಿ ಬಾಯ್ತುಂಬ ನಕ್ಕಳು. ಒಂದು ಮೈಲಿ ಮುಗಿದಿದ್ದರೂ ಹೆಡ್ ಮೇಷ್ಟ್ರು ಸೈಕಲ್ ಹತ್ತಲಿಲ್ಲ. ಜಾಲಿಕೊಪ್ಪಲಿನ ತನಕ ಲೆಕ್ಕ ಕೇಳುತ್ತಲೇ ಹೋದರು.

*

ಸೋಮವಾರ ಚಿಕ್ಕಬೀರಮ್ಮ ತನ್ನ ಹಳೆಯ ಬೆಂಚಿಗೆ ಬಂದಳು. ಗ್ರಾಫ್ ಶೀಟು ಮತ್ತೆ ಮೇಜಿಗೆ ಬಂತು. ಕಂಠಪ್ಪ ತಾನಾಗಿಯೇ ಎದ್ದು ತನ್ನ ನಿದ್ದೆಯ ಕತೆ ಒಪ್ಪಿಕೊಂಡ. ಆರು ಬೆರಳಿನಲ್ಲಿ ನಿಜವಾದ ಓದು ಅರ್ಧ ಬೆರಳು ಅಷ್ಟೇ. ಚುಕ್ಕಿ ಸರಿಸಿದಾಗ ಅದು ಗೆರೆಯ ಮೇಲೆ ಕರಾರುವಾಕ್ಕಾಗಿ ಕೂತಿತು.

"ನೋಡ್ರುಲಾ, ಇಡೀ ಕ್ಲಾಸಿಗೆ ಗೆರೆ ಮ್ಯಾಲೆ ಕುಂತಿರೋನು ನಾನೊಬ್ನೇ," ಎಂದು ಎದೆ ಉಬ್ಬಿಸಿದ. ಗಂಗಾಧರಪ್ಪ ಮೇಷ್ಟ್ರು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ನೀಲಾ ಬೀರಿಯ ಹಳೆಯ ಚುಕ್ಕಿಯನ್ನು ರಬ್ಬರಿನಿಂದ ಅಳಿಸಿದಳು. ಐದು ಬೆರಳಿನ ಹತ್ತಿರ ಹೊಸದನ್ನು ಇಟ್ಟಳು. ಅದು ಅವಳ ಚುಕ್ಕಿಯ ನೇರಕ್ಕೆ, ಮೂರು ಮನೆ ಮೇಲೆ ಬಂತು. ಇಬ್ಬರೂ ಓದಿದ್ದು ಅಷ್ಟೇ. ಮೇಲಿನ ಮೂರು ಬೀರಿಯ ಸ್ವಂತದ್ದು. ನೀಲಾ ಅದನ್ನು ನೋಡಿದಳು. ಹೊಟ್ಟೆಕಿಚ್ಚು ಬರುತ್ತದೇನೋ ಎಂದು ಕಾದಳು. ಬರಲಿಲ್ಲ.

"ಎರಡು ಚುಕ್ಕಿ ಜಾಗ ಬದಲಾಯಿತಲ್ಲ, ಹೊಸ ಗೆರೆಗೆ ದಾರ ಹಿಡಿಯೋದಾ?" ಎಂದು ಕೇಳಿದರು ಮೇಷ್ಟ್ರು.

"ಈಗಲೇ ಬ್ಯಾಡ, ಸಾ. ಮಿಕ್ಕವರನ್ನೂ ಕೇಳ್ಬೇಕು," ಎಂದಳು ನೀಲಾ.

ನೋಟ್‌ಬುಕ್ಕು ತೆಗೆದುಕೊಂಡು ಹಿಂದಿನ ಬೆಂಚಿಗೆ ಹೋದಳು. ಅಲ್ಲಿ ಸುಂದ್ರಮ್ಮ ಕೂತಿದ್ದಳು. ಎರಡು ಬೆರಳು ಎಣ್ಣೆ, ಮೂವತ್ತೊಂದು ಮಾರ್ಕ್ಸು, ಗೆರೆಗಿಂತ ಒಂಬತ್ತು ಮೇಲೆ. ನೀಲಾ ಅವಳ ಪಕ್ಕ ಜಾಗ ಮಾಡಿಕೊಂಡು ಕೂತು ಪೆನ್ಸಿಲ್ ಹಿಡಿದಳು.

"ಬುಡ್ಡಿ ವಿಚಾರ ಬುಡು," ಎಂದಳು. "ಬೆಳಿಗ್ಗೆ ಎದ್ದಾಗಿಂದ ನೀನು ಏನೇನು ಮಾಡ್ತೀಯಾ, ಒಂದೂ ಬಿಡದೆ ಹೇಳು. ನಾನು ಕೇಳ್ತೀನಿ."